ಮಾವನವರು ಕೊಟ್ಟ ಆಂಪ್ಲಿಫೈಯರ್

ಹಿಂದವಾಡಿಯ ಸುಯೋಗ ಹೇಳುತ್ತಿದ್ದದ್ದು ಒಂದೇ ಒಂದು ಸುಳ್ಳು. ಆದರೆ ಅದನ್ನು ವಾರಕ್ಕೊಮ್ಮೆ ತಪ್ಪದೆ ಹೇಳುತ್ತಿದ್ದ. ಖಾನಾಪುರದಿಂದ ಅವನ ಮಾವ ಬಾಹುಬಲಿಯವರು ಪ್ರತಿ ರವಿವಾರ ಫೋನ್ ಮಾಡಿ, ಮಗಳ ಯೋಗಕ್ಷೇಮ ಕೇಳಿ, ತಾವು ವಾಸ್ತುಶಾಂತಿಗೆ ಕೊಟ್ಟ ತಮ್ಮ ಹಳೆಯ ಆಂಪ್ಲಿಫೈಯರ್ ಹೇಗಿದೆಯೆಂದು ವಿಚಾರಿಸುತ್ತಿದ್ದರು. "ಭಾಳ ಚಲೋ ಹಾಡ್ತೈತ್ರಿ ಮಾವಾರ" ಎನ್ನುತ್ತಿದ್ದ ಸುಯೋಗ. ನಿಜವೆಂದರೆ, ಎರಡು ಸ್ಪೀಕರುಗಳ ನಡುವೆ ಕಪಾಟಿನ ಮೇಲೆ ಕೂತ ಅದನ್ನು ಅವನು ಒಮ್ಮೆಯೂ ಹಚ್ಚಿರಲಿಲ್ಲ. ಹಾಡಿಗೆ ಮೊಬೈಲ್ ಇತ್ತು. ಆಂಪ್ಲಿಫೈಯರಿನ ಮೇಲೆ ಹೆಂಡತಿ ಪ್ರಾಚಿ ಹೂದಾನಿ ಇಟ್ಟಿದ್ದಳು.

ಈ ರವಿವಾರ ಮಾವನವರೇ ಬರುವ ಸುದ್ದಿ ಬಂತು. ಸೂರ್ಯ ಮುಳುಗುವುದರೊಳಗೆ ಊಟ ಮುಗಿಸುವವರು, ಆದ್ದರಿಂದ ಮಧ್ಯಾಹ್ನದ ಬಸ್ಸಿಗೇ ಬರುವುದು ಖಂಡಿತ. ಸುಯೋಗ ಹೂದಾನಿ ಇಳಿಸಿ ಸ್ವಿಚ್ ಒತ್ತಿದ. ದೀಪ ಹತ್ತಲಿಲ್ಲ. ಪ್ಲಗ್ ಬದಲಿಸಿದ, ವೈರ್ ಅಲುಗಾಡಿಸಿದ, ಮೆಲ್ಲಗೆ ತಟ್ಟಿದ, ಆಮೇಲೆ ಜೋರಾಗಿ ತಟ್ಟಿದ. ಮಳೆಯಲ್ಲಿ ನಿಂತ ಎಮ್ಮೆಯಂತೆ ಅದು ಸುಮ್ಮನೆ ಕೂತಿತ್ತು.

ಗಂಡ ಬಡಿದು ಕೆಡಿಸಿದನೆಂದು ಪ್ರಾಚಿ, ಹೂದಾನಿಯ ನೀರು ಒಳಗಿಳಿದಿದೆಯೆಂದು ಸುಯೋಗ ವಾದಿಸಿದರು. ಒಳಗೆ ಮಾತ್ರ ಇಬ್ಬರಿಗೂ ಒಂದೇ ಹೆದರಿಕೆ. ಮಗುವಿನಂತೆ ಜೋಪಾನ ಮಾಡಿದ ವಸ್ತು ಹಾಳಾಯಿತೆಂದು ಮುದುಕರ ಮನಸ್ಸು ಮುರಿದೀತು. ಸುಳ್ಳೂ ಬಯಲಾದೀತು.

ಬಡಿಯುವ ಸದ್ದಿಗೆ ಎದುರು ಮನೆಯ ನೇತ್ರಾಬಾಯಿ ಬಂದರು. ಆಂಪ್ಲಿಫೈಯರಿಗೆ ಮಳೆಗಾಲದ ಥಂಡಿ ಹತ್ತಿದೆ, ಕಾವು ಕೊಟ್ಟರೆ ಎದ್ದು ಕೂರುತ್ತದೆ ಎಂದು ತಮ್ಮ ಹೇರ್ ಡ್ರೈಯರ್ ತಂದರು. ಅದು ಗುಂಯ್ ಎಂದು ಒಮ್ಮೆ ಊದಿ, ಟಪ್ಪೆಂದು ಇಡೀ ವಠಾರದ ಕರೆಂಟನ್ನೇ ತೆಗೆಯಿತು.

ಕೆಳಗಿನ ಮನೆಯಲ್ಲಿ ಟೇಪ್ ಡೆಕ್ ಹಚ್ಚಿಕೊಂಡು ನಾಟಕದ ಹಾಡು ಕೇಳುತ್ತಿದ್ದ ಬಸಲಿಂಗಪ್ಪ ಮಾಸ್ತರು ಬೈಯಲೆಂದೇ ಮೆಟ್ಟಿಲು ಹತ್ತಿ ಬಂದರು. ಸುಯೋಗನ ಮುಖ ನೋಡಿ ಬೈಗುಳ ನುಂಗಿಕೊಂಡರು.

"ಮುಂಜಾನಿಂದ ಏನರ ತಿಂದೀಯೇನಪಾ?"

ತಿಂದಿರಲಿಲ್ಲ. ನೇತ್ರಾಬಾಯಿ, ಜೈನರ ಮನೆಯೆಂದು ನೆನಪಿಟ್ಟು, ಉಳ್ಳಾಗಡ್ಡಿ ಹಾಕದ ಅವಲಕ್ಕಿ ಮಾಡಿ ತಂದರು. ಮಾಸ್ತರು ಹೋಗಿ ಮೇನ್ ಸ್ವಿಚ್ ಎತ್ತಿ ಬಂದು, ಪ್ಲಗ್ ಕಿತ್ತು, ಆಂಪ್ಲಿಫೈಯರಿನ ಮುಚ್ಚಳ ಬಿಚ್ಚಿದರು. ಬಿಚ್ಚಿದ ಸ್ಕ್ರೂಗಳು ಅವಲಕ್ಕಿ ತಟ್ಟೆ ಸೇರಿದವು. ಒಂದನ್ನು ಮಾಸ್ತರೇ ಶೇಂಗಾ ಎಂದು ಕಚ್ಚಿ, ದವಡೆ ಹಿಡಿದುಕೊಂಡರು. ಒಳಗೆ ಎಲ್ಲ ನೆಟ್ಟಗಿತ್ತು. ಕಡೆಗೆ ಹಿಂಬದಿಯ ಮೂಲೆಯಲ್ಲಿ ಗಾಜಿನ ಫ್ಯೂಜೊಂದು ಸುಟ್ಟು ಕರ್ರಗಾಗಿದ್ದದ್ದು ಕಂಡಿತು. ಹೊಸದು ತರೋಣವೆಂದರೆ ರವಿವಾರವೆಂದು ಅಂಗಡಿಗಳು ಮುಚ್ಚಿದ್ದವು. ಮಾಸ್ತರು ಕೆಳಗಿಳಿದು ಹೋಗಿ, ತಮ್ಮ ಡೆಕ್ಕಿನ ಫ್ಯೂಜ್ ಕಿತ್ತು ತಂದರು.

"ನಂದು ನಾಳೆ ಹಾಡಿದ್ರೂ ನಡೀತದ. ನಿಮ್ಮ ಮಾವಾರು ಇವತ್ತ ಬರಾಕತ್ತಾರ."

ಕೆಂಪು ದೀಪ ಹತ್ತಿತು. ಪ್ರಾಚಿ ಮೊಬೈಲಿಗೆ ವೈರ್ ಸಿಕ್ಕಿಸಿ ಭಜನೆ ಹಚ್ಚಿದಳು. ಕಿಟಕಿಯ ಗಾಜು ನಡುಗುತ್ತಿರುವಾಗಲೇ ಬಾಗಿಲಲ್ಲಿ ಬಾಹುಬಲಿಯವರು ಬಂದು, ಚಪ್ಪಲಿ ಬಿಡುವುದನ್ನೂ ಮರೆತು ನಿಂತರು.

"ಇದು ಹಾಡಾಕತ್ತೈತಿ?"

"ಯಾವಾಗ್ಲೂ ಹಾಡ್ತೈತ್ರಿ ಮಾವಾರ," ಎಂದ ಸುಯೋಗ, ಎದೆಯುಬ್ಬಿಸಿ.

"ಹೆಂಗ ಹಾಡ್ತೈತ್ರಿ ಅಳಿಯಂದ್ರ? ನಾ ಕೊಡೂಮುಂದನ ಇದು ಸತ್ತಿತ್ತು. ಗುಜರಿಯವಗ ಕೊಡಾಕ ಮನಸ ಬರಲಿಲ್ಲ, ನಿಮಗ ಕೊಟ್ಟೆ. ನೀವು ವಾರಾ ವಾರಾ ಚಲೋ ಹಾಡ್ತೈತಿ ಅಂತಿದ್ರಿ. ಮುದುಕನ ಮನಸ ನೋಯಬಾರದಂತ ಸುಳ್ಳ ಹೇಳ್ತಾರ, ಎಂಥಾ ಚಲೋ ಮನಿಶ್ಯಾ ಅಂತ ಊರ ತುಂಬ ಹೇಳಿದ್ದೆ. ಈಗ ನೋಡಿದ್ರ ನೀವು ಖರೇನ ರಿಪೇರಿ ಮಾಡೀರಿ."

ನೇತ್ರಾಬಾಯಿ ಜಂತಿ ನೋಡಿದರು. ಮಾಸ್ತರು ತಟ್ಟೆಯಲ್ಲಿ ಉಳಿದ ಸ್ಕ್ರೂ ಹುಡುಕತೊಡಗಿದರು. ಸುಯೋಗ ಹೂದಾನಿಯನ್ನು ಕಾಲಿನಿಂದ ಕಪಾಟಿನ ಹಿಂದೆ ಸರಿಸಿದ.

ಹೊತ್ತಿರುವಾಗಲೇ ಊಟ ಮುಗಿಸಿದ ಬಾಹುಬಲಿಯವರು, ಸತ್ತದ್ದನ್ನು ಕೊಟ್ಟಿದ್ದೆ, ಜೀವ ಬಂದ ಮೇಲೆ ಬಿಟ್ಟಿರಲಾರೆ ಎಂದು ಮಗುವಿನಂತೆ ನಾಚಿ, ಆಂಪ್ಲಿಫೈಯರನ್ನು ಪ್ರಾಚಿಯ ಹೊಸ ಚಾದರದಲ್ಲಿ ಸುತ್ತಿದರು. ಗಂಟು ಹೊತ್ತು ಬಸ್ ಸ್ಟ್ಯಾಂಡಿನವರೆಗೆ ನಡೆದವನು ಸುಯೋಗ. ಬಸ್ಸು ಹೊರಡುವ ಮೊದಲು ಕಿಟಕಿಯಲ್ಲಿ ಮಾವನವರು ಖಾನಾಪುರದ ನೆರೆಮನೆಯವನಿಗೆ ಫೋನ್ ಹಚ್ಚಿ ಹೇಳಿದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

"ಮುತ್ತಪ್ಪಾ, ನಿಂದು ಕೆಟ್ಟ ಟೀವಿ ಒಗೀಬ್ಯಾಡೋ. ನಮ್ಮ ಅಳಿಯಂದ್ರು ಮಾಡಿ ಕೊಡ್ತಾರ. ಗಲ್ಲ್ಯಾಗ ಎಲ್ಲಾರಿಗೂ ಹೇಳು, ಮುಂದಿನ ರವಿವಾರ ಒಂದು ಟೆಂಪೋ ಮಾಡ್ಕೊಂಡ ಬರೂಣು."