ಇಂಬಳ ಅಂತ ಹುಡುಕಿ ಬಂದವರು

ಜನ ಇಂಟರ್ನೆಟ್ಟಿನಲ್ಲಿ ಹುಡುಕೋದು ಒಂದು, ಅವರಿಗೆ ಸಿಗೋದು ಇನ್ನೊಂದು. ಈ ಎರಡರ ನಡುವಿನ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕೂತವನು ನಾನು. ಹಾಗಾಗಿ ಇಂಥ ಪ್ರಸಂಗಗಳಿಗೆ ನನಗೆ ಯಾವತ್ತೂ ಕೊರತೆಯಾಗಿಲ್ಲ.

ಕುಶಾಲನಗರದಲ್ಲಿ ಒಂದು ಬೇಕರಿಯ ಮೇಲಿನ ಕೋಣೆ ನನ್ನ ಆಫೀಸು. ಹೋಂಸ್ಟೇಯವರಿಗೆ, ಜೇನು ಮಾರುವವರಿಗೆ, ಮೆಣಸು ಮಾರುವವರಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಅಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ಯಾವ ಪದ ಟೈಪ್ ಮಾಡಿದವರು ಯಾವ ಪುಟಕ್ಕೆ ಬಂದು ಬಿದ್ದರು ಅಂತ ತಿಂಗಳಿಗೊಮ್ಮೆ ಅಂದಾಜು ಹೇಳಬೇಕು. ಆ ಪದಕ್ಕೆ ಕೀವರ್ಡ್ ಅಂತಾರೆ. ಅದನ್ನು ತಿಳಿಯೋದಕ್ಕೆ ಕಂಪ್ಯೂಟರಿನಲ್ಲೇ ವ್ಯವಸ್ಥೆ ಇದೆ, ಆದರೆ ಅದು ಅರ್ಧ ಹೇಳಿ ಅರ್ಧ ಮುಚ್ಚಿಡುತ್ತದೆ. ಮುಚ್ಚಿಟ್ಟ ಅರ್ಧವನ್ನು ನಾನು ಹೇಳುತ್ತೇನೆ. ಗಿರಾಕಿಗಳಿಗೆ ಹೆಚ್ಚು ಇಷ್ಟವಾಗುವುದು ಈ ನನ್ನ ಅರ್ಧವೇ.

ಇಲ್ಲಿ ಬರೆದದ್ದೆಲ್ಲ ಒಂದೇ ಮನೆಯಲ್ಲಿ ನಡೆದದ್ದು. ಪೂರ್ತಿ ನಿಜ. ಅಲ್ಲಲ್ಲಿ ಒಂದು ಚಿಟಿಕೆ ಹೆಚ್ಚು ಬಿದ್ದಿದ್ದರೆ ಅದು ಕೈಯ ಅಭ್ಯಾಸ.

ಹೂ ನೋಡಿ ಫಸಲು

ಮಡಿಕೇರಿಯಿಂದ ಸಂಪಾಜೆ ಕಡೆಗೆ ಇಳಿಯುವಾಗ ಎಡಕ್ಕೆ ತಿರುಗಿ ಸ್ವಲ್ಪ ಒಳಗೆ ಹೋದರೆ ಒಂದು ಕಾಫಿ ತೋಟ. ಯಜಮಾನರನ್ನು ನಾನು ಗೌಡ್ರು ಅನ್ನುತ್ತೇನೆ, ಅವರ ಹೆಂಡತಿಯನ್ನು ಅಕ್ಕ. ಮನೆ ಪಕ್ಕದ ಕಾಫಿ ಗೋದಾಮು ಕುಯ್ಲು ಮುಗಿದ ಮೇಲೆ ಖಾಲಿ ಬಿದ್ದಿರುತ್ತಿತ್ತು. ಅಕ್ಕ ಅದಕ್ಕೆ ಸುಣ್ಣ ಬಳಿಸಿ, ಬಚ್ಚಲು ಕಟ್ಟಿಸಿ, ಮಂಚ ಹಾಕಿಸಿ, ಹೋಂಸ್ಟೇ ಅಂತ ಬೋರ್ಡು ತಗುಲಿಸಿಬಿಟ್ಟರು. ಗೌಡ್ರು ತಡೆಯಲಿಲ್ಲ, ಒಂದು ಷರತ್ತು ಹಾಕಿದರು ಅಷ್ಟೆ.

"ಹೊಸ ಕಾಫಿಯ ಮೊದಲ ಚೀಲ ಕಟ್ಟೋದರೊಳಗೆ ಒಬ್ಬ ಗೆಸ್ಟಾದ್ರೂ ಬಂದು ಇಲ್ಲಿ ಮಲಗಿದ್ರೆ ಗೋದಾಮು ನಿಂದೇ. ಬರದಿದ್ರೆ ಮಂಚ ಹೊರಗೆ, ಚೀಲ ಒಳಗೆ."

ಅಕ್ಕ ಆವತ್ತೇ ನನಗೆ ಫೋನ್ ಮಾಡಿದರು. ನಾನು ಲ್ಯಾಪ್‌ಟಾಪ್ ಹಿಡಿದು ಹೋಗಿ ಕೂತೆ. ಗೌಡ್ರು ಹಿಂದೆ ನಿಂತು ಇಣುಕಿದರು.

"ಇದರಲ್ಲಿ ಎಂಥ ಕಾಣ್ತದೆ ಮಾರಾಯ?"

"ಜನ ಏನು ಹುಡುಕ್ತಾ ಇದ್ದಾರೆ ಅಂತ ನೋಡಿ, ಮುಂದೆ ಎಷ್ಟು ಜನ ಬರಬಹುದು ಅಂತ ಅಂದಾಜು ಮಾಡೋದು ಗೌಡ್ರೇ."

"ಓ, ಹೂ ನೋಡಿ ಫಸಲು ಹೇಳಿದ ಹಾಗೆ."

"ಅದೇ, ಅದೇ!"

"ನಮ್ಮ ತೋಟಕ್ಕೂ ಒಬ್ಬ ಬರ್ತಿದ್ದ. ಗಿಡದ ಹೂ ನೋಡಿದ ಕೂಡ್ಲೇ ಇಷ್ಟು ಚೀಲ ಅಂತ ಹೇಳ್ತಿದ್ದ."

"ಸರಿ ಬರ್ತಿತ್ತಾ?"

"ಸರಿಯಾಗಿ ಬರ್ತಿತ್ತು," ಅಂದರು ಗೌಡ್ರು. "ಪಕ್ಕದ ತೋಟದಲ್ಲಿ."

ಹಾಜರಿ ಆದ ಮೇಲೆ ಸರ್ಚು

ಹೊರಡುವಾಗ ಅಕ್ಕನಿಗೆ ಒಂದು ಮಾತು ಹೇಳಿದ್ದೆ. "ಜನ ಎಷ್ಟು ಹುಡುಕ್ತಾರೋ ಅಷ್ಟು ಒಳ್ಳೇದು ಅಕ್ಕ." ಬಾಯಿಗೆ ಬಂದ ಮಾತು, ಹೇಳಿ ಮರೆತೆ. ಅಕ್ಕ ಮರೆಯಲಿಲ್ಲ.

ಮುಂದಿನ ವಾರ ಅಕ್ಕನ ವೆಬ್‌ಸೈಟಿಗೆ ಜನ ನುಗ್ಗಿದರು. ನಾನು ಕೂಡಲೇ ಫೋನ್ ಮಾಡಿ, "ನೋಡಿದ್ರಾ ಅಕ್ಕ, ನಾನೊಂದು ಪದ ಬದಲಾಯಿಸಿದ್ದಕ್ಕೆ ಹೀಗೆ" ಅಂತ ಹೇಳಿಕೊಂಡೆ. ನಾನು ಯಾವ ಪದವನ್ನೂ ಮುಟ್ಟಿರಲಿಲ್ಲ. ಆಮೇಲೆ ಗಮನಿಸಿದರೆ ಇಷ್ಟೂ ಜನ ಬರುತ್ತಿದ್ದದ್ದು ಬೆಳಗ್ಗೆ, ಎಲ್ಲರೂ ಒಟ್ಟಿಗೆ, ಆಮೇಲೆ ಇಡೀ ದಿನ ಒಂದು ನರಪಿಳ್ಳೆಯೂ ಇಲ್ಲ. ನನಗೇ ಅನುಮಾನ ಬಂದು ಒಂದು ಬೆಳಗ್ಗೆ ತೋಟಕ್ಕೇ ಹೋದೆ.

ಅಂಗಳದಲ್ಲಿ ಲೈನುಮನೆಗಳಲ್ಲಿರುವ ಆಳುಗಳೆಲ್ಲ ಸಾಲಾಗಿ ನಿಂತಿದ್ದರು. ತೋಟದ ಲೆಕ್ಕ ಬರೆಯುವ ರೈಟರು ಒಬ್ಬೊಬ್ಬರ ಹೆಸರು ಕರೆದು ಹಾಜರಿ ಮುಗಿಸಿದರು. ಮುಗಿಸಿ, ಗಂಟಲು ಸರಿಮಾಡಿಕೊಂಡು, "ಇನ್ನು ಎಲ್ಲರೂ ಮೊಬೈಲ್ ತೆಗೀರಿ" ಅಂದರು.

ಎಲ್ಲರೂ ತೆಗೆದರು. ತಮಿಳಿನವರು ತಮಿಳಿನಲ್ಲಿ, ಮಲಯಾಳದವರು ಮಲಯಾಳದಲ್ಲಿ ಹುಡುಕಿದರು. ಒಬ್ಬ ಅಜ್ಜಿ ಬಟನ್ ಫೋನನ್ನೇ ಕಿವಿಗಿಟ್ಟು "ಹೋಂಸ್ಟೇ, ಹೋಂಸ್ಟೇ" ಅಂತ ಜೋರಾಗಿ ಕೂಗಿ, ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕತ್ತಿ ಹಿಡಿದು ಕೆಲಸಕ್ಕೆ ಹೋದಳು. ಅಕ್ಕ ಮೆಟ್ಟಿಲ ಮೇಲೆ ನಿಂತು ಮೇಲ್ವಿಚಾರಣೆ ಮಾಡುತ್ತಿದ್ದರು.

"ಸಂಬಂಧಿಕರ ಗ್ರೂಪಿಗೂ ಹಾಕಿದ್ದೇನೆ," ಅಂದರು ನನ್ನನ್ನು ನೋಡಿ. "ಎಲ್ಲರೂ ಹುಡುಕ್ತಾ ಇದ್ದಾರೆ. ನನ್ನ ನಾದಿನಿ ಮನೆಯವರು ಮಾತ್ರ ಹುಡುಕ್ಲಿಲ್ಲೆ. ಇರಲಿ, ಅವರ ಮನೆ ಕಾರ್ಯಕ್ಕೆ ನಾನೂ ನೋಡ್ಕೊಳ್ತೇನೆ."

ತಿಂಗಳ ಕೊನೆಗೆ ತೆಗೆದು ನೋಡಿದರೆ, ಸೈಟಿಗೆ ಅತಿ ಹೆಚ್ಚು ಜನರನ್ನು ತಂದ ಕೀವರ್ಡ್: "ಅಕ್ಕ ಹೇಳಿದ ಹೋಂಸ್ಟೇ." ಎರಡನೇ ಸ್ಥಾನದಲ್ಲಿ: "ಅಕ್ಕ ಹೇಳಿದ್ದು ಯಾವ ಹೋಂಸ್ಟೇ."

ಮಾವನ ಕಾಲು

ನಿಜವಾದ ಹೊರಗಿನ ಜನ ಬರಬೇಕಾದರೆ ಮಳೆಗಾಲದ ಬಗ್ಗೆ ಏನಾದರೂ ಬರೆಯಿರಿ ಅಕ್ಕ ಅಂದೆ. ರೂಮಿನ ಬಗ್ಗೆ ನಾಲ್ಕು ಸಾಲು ಬರೆಯೋದಕ್ಕೆ ಒದ್ದಾಡಿದ್ದ ಅಕ್ಕ, ಇಂಬಳದ ಬಗ್ಗೆ ಒಂದು ಉದ್ದದ ಲೇಖನವನ್ನೇ ಬರೆದು ಕಳಿಸಿದರು. ತೋಟದಲ್ಲಿ ಕಾಲಿಟ್ಟರೆ ಹತ್ತಿ ರಕ್ತ ಕುಡಿಯುತ್ತದಲ್ಲ, ಅದೇ ಇಂಬಳ. ಎಲ್ಲಿ ಅಡಗಿರುತ್ತದೆ, ಹೇಗೆ ಹತ್ತುತ್ತದೆ, ಕಿತ್ತರೆ ಏನಾಗುತ್ತದೆ, ಉಪ್ಪು ಯಾವಾಗ, ಸುಣ್ಣ ಯಾವಾಗ, ಎಲ್ಲ ಇತ್ತು. ತಲೆಬರಹ: "ಇಂಬಳ ಹತ್ತಿದರೆ ಹೆದರಬೇಡಿ, ನಾವಿದ್ದೇವೆ."

ಆ ಪುಟ ಓಡಿತು ನೋಡಿ! ಬೀದರಿನವರೂ ಬಂದರು. ಬೀದರಿಗೂ ಇಂಬಳಕ್ಕೂ ಏನು ಸಂಬಂಧವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಬಂದವರೆಲ್ಲ ಇಂಬಳ ಓದಿ ಹಾಗೇ ಹೊರಟುಹೋಗುತ್ತಿದ್ದರು. ರೂಮಿನ ಪುಟದ ಕಡೆಗೆ ಯಾರೂ ತಲೆ ಹಾಕಲಿಲ್ಲ. ಅದರ ಬದಲು ಫೋನು ಶುರುವಾಯಿತು. ನಾನು ಅಲ್ಲಿದ್ದಾಗಲೇ ಒಂದು ಬಂತು. ಅಕ್ಕ ಸ್ಪೀಕರಿಗೆ ಹಾಕಿದರು.

"ಮೇಡಂ, ಇಂಬಳದ ಬಗ್ಗೆ ಬರೆದವರು ನೀವೇನಾ?"

"ನಾನೇ. ಯಾರಿಗೆ ಹತ್ತಿದೆ?"

"ನಮ್ಮ ಮಾವನಿಗೆ. ಹೆಣ್ಣು ಕೊಟ್ಟ ಮಾವ."

"ಹೆದರಬೇಡಿ. ಸ್ವಲ್ಪ ಉಪ್ಪು ತಗೊಂಡು..."

"ತೆಗೆಯೋದೆಲ್ಲ ಓದಿದೆ ಮೇಡಂ, ಗೊತ್ತಾಯ್ತು." ಆ ಕಡೆಯ ದನಿ ತಗ್ಗಿತು. "ತೆಗೀದೇ ಇದ್ರೆ ಎಷ್ಟು ಹೊತ್ತು ಕುಡೀತದೆ ಅಂತ ಬರೆದಿಲ್ಲವಲ್ಲ ನೀವು?"

ನೆಟ್‌ವರ್ಕ್ ಇಲ್ಲದ ಜಾಗ

ಕಾಫಿ ಹಣ್ಣಾಗುತ್ತಾ ಬಂತು. ಗೌಡ್ರು ದಿನಾ ಒಂದು ಗಿಡದ ಹತ್ತಿರ ನಿಂತು, ಅಕ್ಕನಿಗೆ ಕಾಣುವ ಹಾಗೆ ಒಂದು ಹಣ್ಣು ಕಿತ್ತು, ಹಿಂಡಿ ನೋಡಿ, ತೃಪ್ತಿಯಿಂದ ತಲೆಯಾಡಿಸುತ್ತಿದ್ದರು. ಅಕ್ಕನ ಮುಖ ಸಣ್ಣದಾಗುತ್ತಿತ್ತು.

ನಾನು ಕೂತು ಪದಗಳನ್ನು ಜಾಲಾಡಿದೆ. ಪಟ್ಟಣದವರು "ನೆಟ್‌ವರ್ಕ್ ಇಲ್ಲದ ಜಾಗ" ಅಂತ ಹುಡುಕುವುದು ಕಣ್ಣಿಗೆ ಬಿತ್ತು. ಇದಕ್ಕಿಂತ ಬೇಕಾ? ಅಕ್ಕನ ಮನೆಗೂ ಅಂಗಳಕ್ಕೂ ವೈಫೈ ಇದೆ, ಗೇಟು ದಾಟಿದರೆ ಮುಖ್ಯರಸ್ತೆವರೆಗೆ ಮೊಬೈಲಿಗೆ ಉಸಿರೇ ಇಲ್ಲ. "ನೆಟ್‌ವರ್ಕ್ ಇಲ್ಲದ ಜಾಗ, ಯಾರೂ ನಿಮ್ಮನ್ನು ಹಿಡಿಯಲಾರರು" ಅಂತ ಹಾಕಿದೆ. ಬೆಂಗಳೂರಿನ ಗಂಡ ಹೆಂಡತಿ ಆ ವಾರವೇ ಬುಕ್ ಮಾಡಿದರು!

ಅಕ್ಕ ಕೋಳಿ ಸಾರು, ಅಕ್ಕಿ ರೊಟ್ಟಿ ಮಾಡಿ ಕಾದರು. ಸಂಜೆಯಾಯಿತು. ಅವರು ಬರಲಿಲ್ಲ. ಫೋನ್ ಮಾಡಿದರೆ ಹತ್ತಲಿಲ್ಲ. ನಾವೇ ಕೊಟ್ಟ ಭರವಸೆಯಂತೆ ಅವರನ್ನು ಯಾರಿಗೂ ಹಿಡಿಯಲಾಗಲಿಲ್ಲ. ಕೋಳಿ ಸಾರು ನಾನೂ ಗೌಡ್ರೂ ಉಂಡೆವು. ಗೌಡ್ರು ಎರಡು ಸಲ ಬಡಿಸಿಕೊಂಡರು.

ಅವರಿಗೆ ದಾರಿ ತಪ್ಪಿತ್ತು. ನಮ್ಮ ತಿರುವಿಗೆ ಮೊದಲಿನ ತಿರುವಿನಲ್ಲೇ ಇಳಿದು, ದೀಪ ಹಾಕಿದ್ದ ಒಂದು ಮನೆಗೆ ಪೆಟ್ಟಿಗೆ ಸಮೇತ ಹೋಗಿದ್ದರು. ಅಲ್ಲಿ ಮದುವೆ. ಹೆಣ್ಣಿನ ಕಡೆಯವರು ಇವರನ್ನು ಗಂಡಿನ ಕಡೆ ಅಂದುಕೊಂಡರು, ಗಂಡಿನ ಕಡೆಯವರು ಹೆಣ್ಣಿನ ಕಡೆ ಅಂದುಕೊಂಡರು. ಮದುವೆ ಮನೆಯಲ್ಲಿ ನೀವು ಯಾರು ಅಂತ ಕೇಳುವುದು ನಮ್ಮ ಕಡೆ ಮರ್ಯಾದೆಯಲ್ಲ. ಹಾಸಿಗೆ ಕೊಟ್ಟರು, ಊಟ ಹಾಕಿದರು, ಫೋಟೋದಲ್ಲಿ ಮುಂದಿನ ಸಾಲಿಗೇ ಎಳೆದು ನಿಲ್ಲಿಸಿದರು. ಇವರು ಹೊರಡುವಾಗ ಬಾಡಿಗೆ ಅಂತ ಕೊಟ್ಟ ಕವರನ್ನು ಮುಯ್ಯಿ ಅಂತ ತೆಗೆದುಕೊಂಡು, ತಾಂಬೂಲ ಕೊಟ್ಟು ಕಳಿಸಿದರು.

ಇದೆಲ್ಲ ನಮಗೆ ತಿಳಿದದ್ದು ಅವರು ಬೆಂಗಳೂರು ತಲುಪಿ ಅಕ್ಕನ ಸೈಟಿನಲ್ಲಿ ಬರೆದ ಹೊಗಳಿಕೆಯಿಂದ: "ಇಂಥ ಆತಿಥ್ಯ ಎಲ್ಲೂ ನೋಡಿಲ್ಲ. ನಾವಿಬ್ಬರೇ ಬಂದಿದ್ದರೂ ನಮಗೋಸ್ಕರ ಒಂದು ಮದುವೆಯನ್ನೇ ಏರ್ಪಡಿಸಿದ್ದರು."

ನನ್ನ ಅರ್ಧ

"ಅವರು ಮಲಗಿದ್ದು ನಮ್ಮ ಗೋದಾಮಿನಲ್ಲಿ ಅಲ್ಲ. ಲೆಕ್ಕಕ್ಕಿಲ್ಲ," ಅಂತ ಗೌಡ್ರು ತೀರ್ಪು ಕೊಟ್ಟರು. ಆ ತಿಂಗಳ ಅಂದಾಜು ಹೇಳೋದಕ್ಕೆ ಹೋದಾಗ ಮಧ್ಯಾಹ್ನದ ಊಟದ ಹೊತ್ತು. ಗೌಡ್ರು ತುತ್ತು ಕಲಸುತ್ತಾ, "ಓದು ಮಾರಾಯ, ಕೇಳುವ," ಅಂದರು. ಗೆದ್ದವರ ದನಿ. ಅದನ್ನು ಕೇಳಿ ನನಗೆ ನಾಲಿಗೆ ತುರಿಸಿತು.

ಲ್ಯಾಪ್‌ಟಾಪ್ ತೆರೆದು ಗಂಭೀರವಾಗಿ ಓದತೊಡಗಿದೆ. "'ಇಂಬಳಕ್ಕೆ ಉಪ್ಪು.' 'ಇಂಬಳಕ್ಕೆ ಸುಣ್ಣ.' 'ಇಂಬಳಕ್ಕೆ ಹಲ್ಲು ಇದೆಯಾ.' 'ಮಡಿಕೇರಿ ಹತ್ತಿರ ರೂಮು.'" ಇಷ್ಟು ಕಂಪ್ಯೂಟರ್ ಹೇಳಿದ್ದು. ಮುಂದಿನ ಸಾಲು ನನ್ನ ತಲೆಯಿಂದ ನೇರವಾಗಿ ಇಳಿಯಿತು. "'ಹೆಂಡತಿ ಶುರು ಮಾಡಿದ ಹೋಂಸ್ಟೇ ಮುಚ್ಚಿಸುವುದು ಹೇಗೆ.'"

ಗೌಡ್ರ ತುತ್ತು ಅರ್ಧ ದಾರಿಯಲ್ಲಿ ನಿಂತಿತು. ಮುಖ ಕೆಂಪಾಯಿತು. ಅಕ್ಕ ಸಾರಿನ ಸೌಟು ಹಿಡಿದು ಮೆಲ್ಲಗೆ ಅವರ ಕಡೆ ತಿರುಗಿದರು.

ತಮಾಷೆಗೆ ಅಂದೆ ಗೌಡ್ರೇ ಅಂತ ಹೇಳೋದಕ್ಕೆ ನಾನು ಬಾಯಿ ತೆರೆದೆ. ಅಷ್ಟರಲ್ಲಿ ಗೌಡ್ರೇ ಬಾಯಿ ಬಿಟ್ಟರು.

"ಒಂದೇ ಸಲ ಮಾರಾಯ! ಒಂದೇ ಸಲ ಟೈಪ್ ಮಾಡಿದ್ದು! ಅದೂ ನಿಂಗೆ ಗೊತ್ತಾಗ್ತದಾ?"

ಮೊದಲ ಚೀಲ

ಕುಯ್ಲು ಶುರುವಾಯಿತು. ಕಣದಲ್ಲಿ ಹರಡಿದ ಕಾಫಿ ಒಣಗಿತು. ನಾನು ತೋಟಕ್ಕೆ ಹೋಗಿದ್ದ ಒಂದು ದಿನ ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕಟ್ಟಿತು. ಒಣಗಿದ ಕಾಫಿ ನೆನೆದರೆ ಮುಗೀತು, ಹಾಗಾಗಿ ಆಳುಗಳೆಲ್ಲ ಓಡಿ ಬಂದು ಚೀಲ ತುಂಬತೊಡಗಿದರು. ಗೌಡ್ರು ಮೊದಲ ಚೀಲವನ್ನು ಎಳೆದು ನಿಲ್ಲಿಸಿ, ಬಾಯಿ ಹೊಲಿಯುವ ದಬ್ಬಣಕ್ಕೆ ದಾರ ಪೋಣಿಸುತ್ತಾ, "ಮಂಚ ಹೊರಗೆ ಹಾಕಿ!" ಅಂತ ಕೂಗಿದರು.

ಮಂಚ ಹೊರಗೆ ಬಂತು. ಅಕ್ಕ ಬಾಗಿಲಲ್ಲಿ ದಿಂಬು ಅಪ್ಪಿಕೊಂಡು ನಿಂತಿದ್ದರು. ನನ್ನನ್ನು ನೋಡಿ, "ನಿನ್ನ ಅಂದಾಜು ಎಂಥ ಹೇಳ್ತದೆ ಈಗ?" ಅಂದರು. ಕಣ್ಣಲ್ಲಿ ನೀರಿತ್ತು. ಬಾಯಿ ತೆರೆದರೆ ಸುಳ್ಳು ತಾನಾಗಿ ಬರುವ ನನಗೆ ಅವತ್ತು ಒಂದೂ ಬರಲಿಲ್ಲ.

ಆಗ ಒಂದು ಕಾರು ಹಾರನ್ ಬಾರಿಸುತ್ತಲೇ ಅಂಗಳಕ್ಕೆ ನುಗ್ಗಿತು. ಒಬ್ಬ ದಪ್ಪ ಮನುಷ್ಯ ಒಂದು ಕಾಲಿನ ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ಕುಂಟುತ್ತಾ ಇಳಿದ. ಹಿಂದೆ ಅವನ ಹೆಂಡತಿ ಮೊಬೈಲ್ ಎತ್ತಿ ಹಿಡಿದು, "'ಹೆದರಬೇಡಿ ನಾವಿದ್ದೇವೆ' ಅಂತ ಬರೆದವರು ಯಾರು? ಬೇಗ ಬನ್ನಿ!" ಅಂತ ಕಿರುಚಿದಳು. ಎಲ್ಲೋ ಜಲಪಾತ ನೋಡಲು ಹೋಗಿದ್ದರಂತೆ. ಮೀನಖಂಡದ ಮೇಲೆ ಇಂಬಳ ನೇರಳೆ ಹಣ್ಣಿನ ಹಾಗೆ ಉಬ್ಬಿ ಕೂತಿತ್ತು.

ಅಕ್ಕ ಉಪ್ಪಿಗೆ ಓಡಿದರು. ಆದರೆ ಗೌಡ್ರಿಗೆ ತಡೆಯಲಾಗಲಿಲ್ಲ. ದಬ್ಬಣ ಬಿಸಾಡಿ ಬಂದು, ಬಗ್ಗಿ ನೋಡಿ, "ಇದಾ? ಇದು ಮರಿ!" ಅಂದರು. ಎಲೆಯಡಿಕೆ ಚೀಲದಿಂದ ಬೆರಳ ತುದಿಗೆ ಒಂದಿಷ್ಟು ಸುಣ್ಣ ತೆಗೆದು ಸವರಿದರು. ಇಂಬಳ ಉದುರಿತು. ಹೆಂಡತಿ ಕೈಮುಗಿದಳು. "ನೀವು ದೇವರು ಸಾರ್!"

ಗೌಡ್ರಿಗೆ ಮದುವೆಯಾದಾಗಿನಿಂದ ಯಾರೂ ಹಾಗಂದಿರಲಿಲ್ಲ ಅಂತ ಕಾಣುತ್ತದೆ. ಬೆನ್ನು ನೆಟ್ಟಗಾಯಿತು.

"ರಕ್ತ ನಿಲ್ತಾ ಇಲ್ಲವಲ್ಲ ಸಾರ್?" ಅಂದ ದಪ್ಪ ಮನುಷ್ಯ.

"ಅದು ಹಾಗೇ. ಈ ಕಾಲಲ್ಲಿ ಗಾಡಿ ಓಡಿಸೋ ಹಾಗೇ ಇಲ್ಲ. ಇಲ್ಲೇ ಮಲಗಿ," ಅಂದರು ಗೌಡ್ರು. ಒಂದು ಕೈಯಲ್ಲಿ ತಾವೇ ಮಂಚದ ಕಾಲು ಹಿಡಿದು ಆಳುಗಳಿಗೆ ಕೂಗಿದರು, "ನೋಡ್ತಾ ನಿಂತಿದ್ದೀರಲ್ಲ, ಎತ್ತಿ ಒಳಗಿಡಿ! ಅವರಿಗೆ ಹುಷಾರಿಲ್ಲ!"

ಮಂಚ ಒಳಗೆ ಹೋಯಿತು. ಮಂಚದ ಮೇಲೆ ದಪ್ಪ ಮನುಷ್ಯ. ಮೊದಲ ಚೀಲ ಬಾಯಿ ಹೊಲಿಯದೆ ಅಂಗಳದಲ್ಲೇ ನಿಂತಿತ್ತು. ಮಳೆಯ ಹನಿ ಬೀಳತೊಡಗಿತು.

"ಕಾಫಿ ಎಲ್ಲಿಡೋದು ಸಾರ್?" ಅಂದರು ರೈಟರು.

"ನನ್ನ ಕೋಣೇಲಿ ಇಡಿ!" ಅಂತ ಗದರಿದರು ಗೌಡ್ರು.

ಅಕ್ಕ ದಿಂಬು ತಟ್ಟಿ, ಒಳಗೆ ತೆಗೆದುಕೊಂಡು ಹೋದರು.

ಮರುದಿನ ಗೆಸ್ಟುಗಳು ಹೊರಟ ಮೇಲೆ ಗೌಡ್ರು ನನ್ನನ್ನು ಗೋದಾಮಿನ ಹಿಂದಕ್ಕೆ ಕರೆದರು. ಮುಖ ಗಂಭೀರವಾಗಿತ್ತು. ರಾತ್ರಿ ಚೀಲಗಳ ಮೇಲೆ ಮಲಗಿದ್ದರಿಂದ ಕುತ್ತಿಗೆ ಸ್ವಲ್ಪ ಓರೆಯಾಗಿತ್ತು.

"ಮಾರಾಯ, ನಿನ್ನ ಕಂಪ್ಯೂಟರಲ್ಲಿ ನೋಡು. ಹಾವು ಕಚ್ಚಿದ್ರೆ ಎಂಥ ಮಾಡೋದು ಅಂತ ಎಷ್ಟು ಜನ ಹುಡುಕ್ತಾರೆ?"

"ಯಾಕೆ ಗೌಡ್ರೇ?"

ಗೌಡ್ರು ಆಚೀಚೆ ನೋಡಿ, ಬಗ್ಗಿ ಕಿವಿಯಲ್ಲಿ ಹೇಳಿದರು.

"ಇಂಬಳಕ್ಕೆ ಒಂದು ರಾತ್ರಿ ಉಳಿದ್ರು. ಹಾವಿಗೆ ಒಂದು ವಾರ ಆದ್ರೂ ಇರಬೇಕಲ್ಲ!"