ಬಿಸಿಲಲ್ಲಿ ನಿಂತು ಮಳೆ ಅಳೆದ ಬಗ್ಗೆ ವಿವರಣೆ

ಇಂದ:
ಸಹಾಯಕ, ಉಪಗ್ರಹ ಮಾಹಿತಿ ವಿಭಾಗ,
ಎರಡನೇ ಮಹಡಿ, ಕಿಟಕಿಯಿಲ್ಲದ ಕೋಣೆ.

ಗೆ:
ಮಾನ್ಯ ನಿರ್ದೇಶಕರು, ಹವಾಮಾನ ಕಚೇರಿ,
ಅದೇ ಮಹಡಿ, ಕಿಟಕಿಯಿರುವ ಕೋಣೆ.

ವಿಷಯ: ತಾವು ಮಳೆಯಲ್ಲಿ ನೆನೆದ ಬಗ್ಗೆ ವಿವರಣೆ ಹಾಗೂ ನನ್ನ ವರ್ಗಾವಣೆ ಕುರಿತು.

ಉಲ್ಲೇಖ: ಮೈದಾನದಲ್ಲಿ ತಮ್ಮನ್ನು ಎಚ್ಚರಿಸಲಿಲ್ಲವೇಕೆ ಎಂದು ಕೇಳಿ, ಸೀನುತ್ತಲೇ ತಾವು ಸಹಿ ಹಾಕಿದ ನೋಟಿಸು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ:

1. ಗಾಳಿ ಎಷ್ಟು ಅಸ್ಥಿರವಾಗಿದೆ, ಅಂದರೆ ಮೇಲಕ್ಕೆದ್ದು ಗುಡುಗುಮಳೆಯಾಗಲು ಎಷ್ಟು ತುದಿಗಾಲಲ್ಲಿ ನಿಂತಿದೆ ಎಂದು ಉಪಗ್ರಹದ ಅಂಕಿಗಳಿಂದ ಲೆಕ್ಕ ಹಾಕುವುದು ನನ್ನ ಕೆಲಸ. ಮೋಡ ಕವಿದರೆ ನಮ್ಮ ಉಪಗ್ರಹಕ್ಕೆ ಕೆಳಗಿನ ಗಾಳಿ ಕಾಣಿಸದು. ಆದ್ದರಿಂದ ಆಕಾಶ ತಿಳಿಯಾಗಿದ್ದಾಗಲೇ ಅಳೆಯಬೇಕು. ಆ ಕಾರಣ ಸುಡುಬಿಸಿಲಿನಲ್ಲೇ ಮಳೆಯ ಮಾತಾಡಬೇಕು. ಆ ಕಾರಣ ನೆಂಟರಿಷ್ಟರಲ್ಲಿ ನನ್ನ ಮರ್ಯಾದೆ ಅಷ್ಟಕ್ಕಷ್ಟೇ.

2. ನಮ್ಮಕ್ಕ ಶಾಲೆಯಲ್ಲಿ ಆಟದ ಮೇಡಂ. ನಿವೃತ್ತಿಯ ದಿನ ಹಳೆಯ ವಿದ್ಯಾರ್ಥಿನಿಯರೊಡನೆ ಕೊನೆಯ ಸಲ ರಿಲೇ ಓಡಬೇಕೆಂದು ಆಸೆಪಟ್ಟು, ಮಂಡಿನೋವಿದ್ದರೂ ಅಭ್ಯಾಸ ನಡೆಸಿದ್ದಳು. ಆ ಬೆಳಗ್ಗೆ ಫೋನ್ ಮಾಡಿ, ಮಳೆ ಬರುತ್ತದೋ ಇಲ್ಲವೋ ಎಂದು ಕೇಳಿದಳು. ಗಾಳಿ ಭಾರಿ ಅಸ್ಥಿರವಾಗಿದೆ, ಆದರೆ ಅದನ್ನು ಎಬ್ಬಿಸುವಂಥದ್ದೇನಾದರೂ ಒದಗಬೇಕು ಎಂದೆ.

"ಮದುವೆಗೆ ಒಪ್ಪಿಗೇನಾ ಅಂತ ಕೇಳಿದಾಗ್ಲೂ ನೀನು ಹೀಗೇ ಹೇಳಿದ್ದೆ. ಹೌದೋ ಅಲ್ವೋ, ಒಂದು ಮಾತು ಹೇಳೋ."

ಹೌದು ಎಂದೆ.

3. ಕಾರ್ಯಕ್ರಮ ಸಭಾಂಗಣಕ್ಕೆ ಸ್ಥಳಾಂತರಗೊಂಡಿತು. ರಿಲೇ ರದ್ದಾಯಿತು. ಮುಖ್ಯ ಅತಿಥಿಗಳಾದ ತಾವು ಬೆವರೊರೆಸಿಕೊಳ್ಳುತ್ತ ಶಿಸ್ತಿನ ಬಗ್ಗೆ ಮಾತಾಡಿದಿರಿ. ಹೊರಗೆ ಬಿಸಿಲು ಹಲ್ಲು ಕಿರಿಯುತ್ತಿತ್ತು. ಭಾವ ನನ್ನನ್ನು ನೋಡಿದ ನೋಟ ಕಡತದಲ್ಲಿ ದಾಖಲಿಸುವಂಥದ್ದಲ್ಲ. ಅಕ್ಕ ನೋಡಲೇ ಇಲ್ಲ. ರಿಲೇ ಕೋಲನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದಳು.

4. ತಮ್ಮ ಭಾಷಣ ಮತ್ತೊಮ್ಮೆ "ಕೊನೆಯದಾಗಿ" ಎಂಬಲ್ಲಿಗೆ ಬಂದಾಗ ಅಕ್ಕ ಎದ್ದು, ಸೀಟಿ ಊದಿ, ಎಲ್ಲರನ್ನೂ ಮೈದಾನಕ್ಕೆ ಹೊರಡಿಸಿದಳು. ಆ ಸೀಟಿಗೆ ಎದುರಾಡುವುದು ಯಾರಿಗೂ ಸಾಧ್ಯವಿರಲಿಲ್ಲವಾದ ಕಾರಣ ತಾವೂ ಬಂದಿರಿ. ಪಶ್ಚಿಮದಲ್ಲಿ ಹೂಕೋಸಿನಂತೆ ಮೋಡ ಉಬ್ಬುತ್ತಿದ್ದುದನ್ನು ನಾನು ಕಂಡೆ. ಅಕ್ಕನ ಮುಖವನ್ನೂ ಕಂಡೆ. ಬೇಡವೆನ್ನಲು ಬಾಯಿ ಬರಲಿಲ್ಲ. ತಾವು ಕಾರಣ ಕೇಳಿದ್ದೀರಿ, ಇದೇ ಕಾರಣ.

5. ಕೋಲು ಅಕ್ಕನ ಕೈಗೆ ಬಂದದ್ದೇ ತಡ, ಧೂಳೆದ್ದು, ಆಕಾಶ ಹರಿದುಬಿದ್ದಂತೆ ಮಳೆ ಸುರಿಯಿತು. ಎದುರಾಳಿ ತಂಡದವರು ಸೂರು ಹುಡುಕಿಕೊಂಡು ಓಡಿದರು. ಅಕ್ಕ ಮಾತ್ರ ಗೆರೆಯತ್ತಲೇ ಓಡಿದಳು, ಗೆದ್ದಳು ಕೂಡ. ಕೆಸರುಮುಖದಲ್ಲಿ ನಗುತ್ತ ಬಂದು ನನ್ನ ಬೆನ್ನಿಗೊಂದು ಗುದ್ದಿದಳು.

"ಮಳೆ ಬರುತ್ತೆ ಅಂದೆ, ಬಂತು. ಎಷ್ಟೊತ್ತಿಗೆ ಅಂತ ನಾನೇ ಕೇಳ್ಲಿಲ್ಲ ಬಿಡು."

6. ಅಂದಿನಿಂದ ಬೀದಿಯವರೆಲ್ಲ ಬಟ್ಟೆ ಒಣಹಾಕುವ ಮುನ್ನ ನಮ್ಮ ಮನೆಯ ಬಾಗಿಲು ತಟ್ಟುತ್ತಿದ್ದಾರೆ. ಭಾವನೂ ಬರುತ್ತಾರೆ.

ಆದ್ದರಿಂದ ನನ್ನನ್ನು ಭೂಕಂಪ ವಿಭಾಗಕ್ಕೆ ವರ್ಗಾಯಿಸಬೇಕಾಗಿ ಪ್ರಾರ್ಥನೆ. ಅಲ್ಲಿ ಎಲ್ಲವೂ ಆದ ಮೇಲೆ ಅಳೆದರೆ ಸಾಕೆಂದು ತಿಳಿದುಬಂದಿರುತ್ತದೆ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆದ,
ಸಹಾಯಕ

ಅಡಕಗಳು:
ಅ) ಆ ದಿನದ ಉಪಗ್ರಹ ಚಿತ್ರ.
ಆ) ಮೈದಾನದ ಕೆಸರಿನಲ್ಲಿ ದೊರೆತ, ತಮ್ಮ ಬಲಗಾಲಿನ ಶೂ. ತಲುಪಿದ್ದಕ್ಕೆ ಸ್ವೀಕೃತಿ ನೀಡಬೇಕಾಗಿ ಕೋರಿದೆ.