ನಲವತ್ತೆರಡಕ್ಕೆ ಎರಡು ಗೀರು ಕಮ್ಮಿ

ಮೂಡಲಗಿಯ ಆ ಸರಕಾರಿ ಕಚೇರಿಯಲ್ಲಿ ಬುಧವಾರ ನಡೆದ ಗದ್ದಲಕ್ಕೆಲ್ಲ ಮೂಲ ಗೇಣುದ್ದದ ಒಂದು ಗಾಜಿನ ಕೊಳವೆ. ಕಚೇರಿಯ ಹೆಸರು ಇಲ್ಲಿ ಬೇಡ. ಬೇರೆ ಕೆಲಸ ಹೇಗೋ ಏನೋ, ನೋಟೀಸು ಕಳಿಸುವುದರಲ್ಲಿ ಅದು ಬಹಳ ಚುರುಕು.

ಕಚೇರಿಯ ಅಂಗಳದ ನಡುವೆ ನಾಲ್ಕು ಕಾಲಿನ ಮೇಲೆ ಬಿಳಿ ಬಣ್ಣದ ಮರದ ಪೆಟ್ಟಿಗೆಯೊಂದು ನಿಂತಿದೆ. ಗಾಳಿಯಾಡಲೆಂದು ಅದರ ಗೋಡೆಗೆಲ್ಲ ಸೀಳುಗಳು. ಊರಿನ ಪುಣ್ಯಾತ್ಮರು ಅದನ್ನು ಪಾರಿವಾಳದ ಗೂಡೆಂದು ತಿಳಿದು ಎರಡು ವರ್ಷ ಜೋಳ ಹಾಕಿದ್ದರು. ಒಳಗಿರುವುದು ಥರ್ಮಾಮೀಟರು. ದಿನಾ ಮಧ್ಯಾಹ್ನ ಎರಡೂವರೆಗೆ ಅದನ್ನು ನೋಡಿ, ರಜಿಸ್ಟರಿನಲ್ಲಿ ಬರೆದು, ಮೇಲಿನವರಿಗೆ ತಿಳಿಸುವ ಕೆಲಸ ಸಿಪಾಯಿ ಲಗಮಪ್ಪನದು. ಹನ್ನೊಂದು ವರ್ಷದಿಂದ ಅವನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತ ಬಂದಿದ್ದ. ಆ ರಜಿಸ್ಟರನ್ನು ಯಾರೂ ತೆರೆದು ನೋಡಿರಲಿಲ್ಲವಾದ್ದರಿಂದ ಅವನ ಪ್ರಾಮಾಣಿಕತೆಗೆ ಯಾವ ಅಪಾಯವೂ ಒದಗಿರಲಿಲ್ಲ.

ಈ ಬೇಸಿಗೆಯಲ್ಲಿ ಮೇಲಿನಿಂದ ಹೊಸ ಆದೇಶ ಬಂತು. ಎರಡೂವರೆಯ ಉಷ್ಣತೆ ಸತತ ಮೂರು ದಿನ ನಲವತ್ತೆರಡು ಡಿಗ್ರಿ ಮುಟ್ಟಿದರೆ, ಆ ಕಚೇರಿ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದಕ್ಕೆ ಮುಚ್ಚಬಹುದು. ಅಂದಿನಿಂದ ಲಗಮಪ್ಪನಿಗೆ ಎಲ್ಲಿಲ್ಲದ ಮರ್ಯಾದೆ. ಏಪ್ರಿಲ್‌ನಲ್ಲಿ ಎರಡು ಸಲ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಒಮ್ಮೆ ಮೂರನೆಯ ದಿನ ಮೋಡ ಕವಿಯಿತು, ಇನ್ನೊಮ್ಮೆ ನಡುವೆ ಭಾನುವಾರ ಬಂತು. ಭಾನುವಾರ ಕಚೇರಿಗೆ ರಜೆ, ಆದ್ದರಿಂದ ಬಿಸಿಲಿಗೂ ರಜೆ. ಅಂದಿನ ಕಾಲಮ್ಮಿನಲ್ಲಿ ಒಂದು ಗೀಟು ಎಳೆಯುವುದು ಪದ್ಧತಿ. ಈಗ ಮೇ ತಿಂಗಳು. ಸೋಮವಾರ ನಲವತ್ತೆರಡೂ ಒಂದು, ಮಂಗಳವಾರ ನಲವತ್ತೆರಡೂ ಮೂರು. ಬುಧವಾರವೊಂದು ದಾಟಬೇಕಿತ್ತು.

ಎಲ್ಲರಿಗಿಂತ ಹೆಚ್ಚು ಆಸೆ ಲಗಮಪ್ಪನಿಗೇ. ಅವನ ಮನೆ ಅರಭಾವಿಯಲ್ಲಿ. ಹಿತ್ತಲಲ್ಲಿ ಬೇವಿನ ಮರ, ಮರದ ಕೆಳಗೆ ಹಗ್ಗದ ಹೊರಸು. ಆ ಹೊರಸಿನ ಮೇಲೆ ಬೇಸಿಗೆಯ ಮಧ್ಯಾಹ್ನ ಒಂದು ನಿದ್ದೆ ಮಾಡಿ ಇಪ್ಪತ್ತೆರಡು ವರ್ಷವಾಗಿತ್ತು. ವಾರದ ದಿನ ಕಚೇರಿ, ಭಾನುವಾರ ಯಾರದಾದರೂ ಮದುವೆ. ಅವನಿಗೆ ಬಡ್ತಿ ಬೇಡ, ಪದಕ ಬೇಡ, ಆ ನಿದ್ದೆ ಬೇಕಿತ್ತು. ನೆನೆದರೆ ಅವನ ಕಣ್ಣು ತುಂಬಿ ಬರುತ್ತಿದ್ದವು. ಒಂದಕ್ಕೆ ಕಚೇರಿ ಮುಚ್ಚಿದರೆ ಎರಡೂವರೆಗೆ ಥರ್ಮಾಮೀಟರು ನೋಡುವವರು ಯಾರು ಎಂಬ ಸಣ್ಣ ಅನುಮಾನವಿತ್ತು. ಅದನ್ನೂ ಗುಮಾಸ್ತೆ ವಿದ್ಯಾ ಮೇಡಂ ಪರಿಹರಿಸಿದ್ದರು.

"ಕಚೇರಿ ಬಂದಾದಮ್ಯಾಲ ಬಿಸಲು ನೋಡೂ ಪದ್ಧತಿ ಎಲ್ಲೈತಿ ಕಾಕಾ? ಭಾನುವಾರ ಹೆಂಗೋ ಹಂಗ. ಒಂದು ಗೀಟು ಎಳದು ಮನಿಗೆ ಹೋಗಿ ಮಲ್ಕೋರಿ."

ಬುಧವಾರ ಬೆಳಿಗ್ಗೆ ಹೆಂಡತಿ ಉದ್ದವ್ವ ಬಿಸಿಲು ಬಡಿಯದಿರಲೆಂದು ಅವನ ಕಿಸೆಗೆ ಉಳ್ಳಾಗಡ್ಡಿ ತುರುಕಿ, ತಲೆಗೆ ಒದ್ದೆ ಟವೆಲು ಸುತ್ತಿ ಕಳಿಸಿದಳು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಾಳಿ ಸತ್ತುಹೋಗಿತ್ತು. ಒಬ್ಬರ ಬೆವರು ಇನ್ನೊಬ್ಬರ ಅಂಗಿಗೆ ಇಳಿದು, ಮೂಡಲಗಿ ಮುಟ್ಟುವ ಹೊತ್ತಿಗೆ ಯಾವ ಬೆವರು ಯಾರದೆಂದು ಹೇಳುವ ಹಾಗಿರಲಿಲ್ಲ. ಜನ ಸೂರ್ಯನಿಗೆ ಶಾಪ ಹಾಕುತ್ತಿದ್ದರು. ಲಗಮಪ್ಪ ಮಾತ್ರ ಕಿಟಕಿಯಿಂದ ಬಗ್ಗಿ ನೋಡಿ ಕೈಮುಗಿದ.

ಕಚೇರಿಯಲ್ಲಿ ಕರೆಂಟು ಇರಲಿಲ್ಲ. ಕೆಲಸವೂ ನಡೆದಿರಲಿಲ್ಲ, ಆದರೆ ಅದಕ್ಕೂ ಕರೆಂಟಿಗೂ ಸಂಬಂಧವಿಲ್ಲ. ಎಲ್ಲರೂ ಕಿಟಕಿಯಲ್ಲಿ ನಿಂತು ಘಟಪ್ರಭಾ ಕಡೆಯ ಆಕಾಶದಲ್ಲಿ ತೇಲಿಬರುತ್ತಿದ್ದ ಒಂದು ಬಿಳಿ ಮೋಡವನ್ನು ದಿಟ್ಟಿಸುತ್ತಿದ್ದರು.

"ಅದೇನಾರ ಇತ್ತಾಗ ಬಂತಂದ್ರ ನಮ್ಮ ಕತಿ ಮುಗೀತು," ಎಂದ ಗುಮಾಸ್ತ ಸದಾಶಿವ. ಕಡತ ಮುಟ್ಟಿದರೆ ತಲೆನೋವು ಬರುವ ಈ ಮನುಷ್ಯ ಅಂದು ಮನೆಯಿಂದ ಕೊಡಲಿ ಹಿಡಿದು ಬಂದಿದ್ದ. "ಕಾಕಾ, ಎರಡು ಗಂಟೆಕ್ಕ ನಮ್ಮ ಅಂಗಳದ ಬೇವಿನ ಟೊಂಗಿ ನೆಳ್ಳು ಪೆಟ್ಟಿಗಿ ಮ್ಯಾಲ ಬೀಳತೇತಿ. ಕಡದು ಒಗೀತೇನಿ."

"ಗಿಡಾ ಕಡ್ಯಾಕ ಪರವಾನಗಿ ಬೇಕಪಾ," ಎಂದ ಲಗಮಪ್ಪ.

"ಪರವಾನಗಿ ಕೊಡೂದು ಯಾರು? ನಾವ. ಅರ್ಜಿ ಮುಂದಿನ ವಾರ ತಗೊಳ್ಳೋಣ."

ಟೊಂಗೆ ಧೊಪ್ಪನೆ ಬಿತ್ತು. ಜೊತೆಗೆ ಸೈಕಲ್ ಸ್ಟ್ಯಾಂಡಿನ ಎರಡು ತಗಡನ್ನೂ ಬಿಚ್ಚಿ ತಂದ ಸದಾಶಿವ, ಅವು ಬಿಸಿಲನ್ನು ಪೆಟ್ಟಿಗೆಯ ಕಡೆ ತಿರುಗಿಸಲೆಂದು ನಿಲ್ಲಿಸಲು ನೋಡಿದ. ಲಗಮಪ್ಪನಿಗೆ ಇದು ಸರಿಬರಲಿಲ್ಲ. ಅಧಿಕಾರಿ ಮುತ್ತಪ್ಪ ಸಾಹೇಬರ ಕೋಣೆಗೆ ಹೋಗಿ ದೂರಿದ. ಹುಕ್ಕೇರಿಯಿಂದ ದಿನಾ ಕಾರಿನಲ್ಲಿ ಬರುವ ಸಾಹೇಬರು ಇನ್ವರ್ಟರಿನ ಕೂಲರ್ ಮುಂದೆ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ ಕೂತಿದ್ದರು.

"ನೋಡ್ ಲಗಮಪ್ಪ, ಸುಳ್ಳು ಬರಿ ಅಂತ ನಾ ಯಾವತ್ತೂ ಹೇಳೂದಿಲ್ಲ. ನಿನ್ನ ಕಣ್ಣಿಗೆ ಕಂಡದ್ದ ಬರಿ," ಎಂದರು ಸಾಹೇಬರು. ಕೂಲರಿನ ಕಡೆ ಮುಖ ತಿರುಗಿಸಿ, "ಆದ್ರ ಕಣ್ಣಿಗೆ ಛಲೋದ ಕಾಣ್ಲಿ," ಎಂದು ಸೇರಿಸಿದರು.

ಲಗಮಪ್ಪ ಹೊರಗೆ ಬಂದಾಗ ಅಂಗಳದಲ್ಲಿ ಇನ್ನೊಂದು ಯುದ್ಧ ಶುರುವಾಗಿತ್ತು. ಗೇಟಿನ ಬಳಿ ಕೈಗಾಡಿಯಲ್ಲಿ ಚಹ, ಮಿರ್ಚಿ ಭಜಿ ಮಾರುವ ಗೌರಕ್ಕ ನೀರಿನ ಕೊಡ ಹೊತ್ತು ಬಂದು ಪೆಟ್ಟಿಗೆಯ ಕೆಳಗೆ ದಬದಬನೆ ಸುರಿಯುತ್ತಿದ್ದಳು.

"ಏ ಗೌರಕ್ಕ, ಏನ್ ಮಾಡಾಕತ್ತಿ?" ಎಂದು ಸದಾಶಿವ ಕೂಗಿದ.

"ಧೂಳಾ ಏಳತೇತಿ, ನೀರ ಹೊಡ್ಯಾಕತ್ತೇನಿ. ನೀ ಗಿಡಾ ಕಡದಾಗ ನಾ ಕೇಳಿದೆನೇನು?"

ವಿದ್ಯಾ ಮೇಡಂ ಮೆಟ್ಟಿಲಿಳಿದು ಬಂದರು. "ನೆಲಾ ತೊಯ್ದ್ರ ಡಿಗ್ರಿ ಇಳೀತೇತಿ ಅಂತ ಗೊತ್ತಿದ್ದ ಮಾಡಾಕತ್ತಿ ನೀ."

"ಹೌದ್ ಬೇ, ಗೊತ್ತಿದ್ದ ಮಾಡಾಕತ್ತೇನಿ!" ಗೌರಕ್ಕ ಕೊಡ ಕೆಳಗಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನೀವೆಲ್ಲಾ ಒಂದಕ್ಕ ಮನಿಗೆ ಹೋದ್ರ ನಾಲ್ಕರ ಚಾ ಯಾರು ಕುಡೀತಾರು? ಐದರ ಭಜಿ ಯಾರು ತಿಂತಾರು? ಬಿಸಲು ನಿಮಗಷ್ಟ ಐತೇನು? ನಾ ಕುದಿಯೂ ಎಣ್ಣಿ ಮುಂದ ನಿಂತಿರ್ತೇನಿ, ನಂಗ್ಯಾರು ಟೈಮ್ ಬದಲಿ ಮಾಡ್ತಾರು?"

ಈ ಪ್ರಶ್ನೆಗೆ ಯಾವ ಸುತ್ತೋಲೆಯಲ್ಲೂ ಉತ್ತರವಿರಲಿಲ್ಲ. ಆದ್ದರಿಂದ ಎಲ್ಲರೂ ಮೋಡದ ಕಡೆ ನೋಡಿದರು. ಮೋಡ ಮೂಡಲಗಿಯ ಸೆಕೆ ತಾಳಲಾರದೆ ಗೋಕಾಕದ ಕಡೆ ಹೊರಟುಹೋಗಿತ್ತು.

ಎರಡೂಕಾಲಿಗೆ ಇಡೀ ಕಚೇರಿ ಪೆಟ್ಟಿಗೆಯ ಸುತ್ತ ನೆರೆಯಿತು. ಕೆಲಸಕ್ಕೆಂದು ಬಂದ ಹತ್ತಾರು ಹಳ್ಳಿಯವರೂ, ಇಷ್ಟು ಜನ ನಿಂತಲ್ಲಿ ಏನೋ ಹಂಚುತ್ತಿರಬೇಕೆಂದು ಆಧಾರ್ ಕಾರ್ಡು ಹಿಡಿದು ಬಂದು ನಿಂತರು. ಲಗಮಪ್ಪ ಬೀಗ ತೆಗೆದು, ಕನ್ನಡಕ ಒರೆಸಿ, ಬಗ್ಗಿ ನೋಡಿದ.

"ಎಷ್ಟೈತಿ?" ಎಂದವು ಇಪ್ಪತ್ತು ದನಿ.

"ನಲವತ್ತೆರಡಕ್ಕ ಎರಡು ಗೀರು ಕಮ್ಮಿ."

ವಿದ್ಯಾ ಮೇಡಂ ಕಟ್ಟೆಯ ಮೇಲೆ ಕುಸಿದು ಕೂತರು. ಸದಾಶಿವ ಮಾತ್ರ ಸೋಲೊಪ್ಪಲಿಲ್ಲ. "ಸರೀರಿ ಕಾಕಾ," ಎಂದವನೇ ಪೆಟ್ಟಿಗೆಯೊಳಗೆ ಮುಖ ತೂರಿಸಿ ಥರ್ಮಾಮೀಟರಿನ ಬುಡಕ್ಕೆ ಗಲ್ಲ ಉಬ್ಬಿಸಿ ಉಸಿರು ಊದತೊಡಗಿದ. ಊದಿ ಊದಿ ಅವನ ಕಣ್ಣು ಕೆಂಪಾದವು. ಲಗಮಪ್ಪ ಮತ್ತೆ ನೋಡಿದ.

"ಈಗ ನಾಕ್ ಗೀರು ಕಮ್ಮಿ!"

"ಊದಿದ್ರ ಬಿಸಿ ಆಗಬೇಕಲ್ಲೋ?" ಎಂದ ಗುಂಪಿನಲ್ಲಿ ಯಾರೋ ಒಬ್ಬ.

"ಮನಷ್ಯಾನ ಉಸಿರು ಮೂವತ್ತೈದು ಡಿಗ್ರೀನೂ ಇರೂದಿಲ್ಲ," ಎಂದು ವಿದ್ಯಾ ಮೇಡಂ ಕೂತಲ್ಲಿಂದಲೇ ಚೀರಿದರು. "ಊದಬ್ಯಾಡ್ರೋ, ತಂಪಾಕ್ಕೈತಿ!"

ಮನುಷ್ಯನ ಬಿಸಿಯುಸಿರು ಕೂಡ ತಂಗಾಳಿಯಾಗುವ ಕಾಲ ಬಂದಿದೆಯೆಂದು ತಿಳಿದು ಎಲ್ಲರೂ ಬಾಯಿ ಮುಚ್ಚಿ ನಾಲ್ಕು ಹೆಜ್ಜೆ ಹಿಂದೆ ಸರಿದರು. ಇದನ್ನೆಲ್ಲ ಗೇಟಿನಿಂದ ನೋಡುತ್ತಿದ್ದ ಗೌರಕ್ಕನಿಗೆ ಸಂಶಯ ಬಲವಾಯಿತು. ಇವರು ಏನಾದರೂ ಕೈಚಳಕ ಮಾಡುತ್ತಾರೆ, ಹತ್ತಿರ ನಿಂತು ಕಾಯಬೇಕು ಎಂದುಕೊಂಡಳು. ಆದರೆ ಬಾಣಲೆಯಲ್ಲಿ ಎಣ್ಣೆ ಕುದಿಯುತ್ತಿತ್ತು, ಬಿಟ್ಟುಬರುವ ಹಾಗಿರಲಿಲ್ಲ. ಆಕೆ ಗಾಡಿಯನ್ನೇ ತಳ್ಳಿಕೊಂಡು ಬಂದು ಪೆಟ್ಟಿಗೆಗೆ ತಾಗಿಸಿ ನಿಲ್ಲಿಸಿದಳು.

"ನಾ ಇಲ್ಲೇ ನಿಂದರ್ತೇನಿ. ಯಾರ್ ಮೋಸ ಮಾಡ್ತೀರಿ ಮಾಡ್ರಿ ನೋಡೋಣು!" ಎಂದು ಸೊಂಟದ ಮೇಲೆ ಕೈಯಿಟ್ಟಳು.

ಗಾಡಿಯ ದೊಡ್ಡ ಗ್ಯಾಸ್ ಒಲೆ ಪೆಟ್ಟಿಗೆಯ ಸೀಳುಗಳ ನೇರಕ್ಕೇ ಇತ್ತು. ಗೌರಕ್ಕನ ಕಣ್ಣು ಸದಾಶಿವನ ಕೈಮೇಲೆ, ಸದಾಶಿವನ ಕಣ್ಣು ಗಡಿಯಾರದ ಮೇಲೆ, ಹಳ್ಳಿಯವರ ಕಣ್ಣು ಭಜಿಯ ಮೇಲೆ. ಒಲೆಯ ಕಡೆ ಲಕ್ಷ್ಯ ಕೊಟ್ಟವನು ಲಗಮಪ್ಪ ಒಬ್ಬನೇ. ಎರಡೂವರೆಗೆ ಸರಿಯಾಗಿ ಅವನು ಬಗ್ಗಿ ನೋಡಿದಾಗ ಪಾದರಸ ನಲವತ್ಮೂರರ ಗೀರು ಮುಟ್ಟಿ ನಿಂತಿತ್ತು.

ಗಾಡಿ ಸರಿಸಲು ಹೇಳಿ, ಐದು ನಿಮಿಷ ತಡೆದು, ಮತ್ತೆ ನೋಡಬೇಕಿತ್ತು. ಅದೇ ನಿಯಮ. ಹನ್ನೊಂದು ವರ್ಷ ಕಂಡದ್ದನ್ನೇ ಬರೆದ ಹಳೆಯ ಲಗಮಪ್ಪನಾಗಿದ್ದರೆ ಹಾಗೇ ಮಾಡುತ್ತಿದ್ದ. ಅವನ ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಬೇವಿನ ನೆರಳು, ಹೊರಸು, ಮುಖದ ಮೇಲೆ ಹೊದ್ದ ಒದ್ದೆ ಟವೆಲು ಎಲ್ಲ ಕಣ್ಣಮುಂದೆ ಬಂದು ನಿಂತವು. ಕಂಡದ್ದನ್ನೇ ಬರೆಯಬೇಕೆಂದು ಸಾಹೇಬರೇ ಹೇಳಿದ್ದಾರೆ, ಕಂಡದ್ದು ನಲವತ್ಮೂರು ತಾನೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

"ನಲವತ್ಮೂರು," ಎಂದ. ಅವನ ದನಿ ಅವನಿಗೇ ಪರಕೀಯವಾಗಿ ಕೇಳಿಸಿತು.

ಸದಾಶಿವ ಅವನನ್ನು ಎತ್ತಿ ಕುಣಿದ. ಗೋಕಾಕದ ಗೆಳೆಯನಿಗೆ ಫೋನು ಹಚ್ಚಿ ವಿಚಾರಿಸಿದರೆ ಅಲ್ಲಿ ನಲವತ್ತೆರಡೂ ಒಂಬತ್ತು. "ಗೋಕಾಕನ್ನ ಹಿಂದ ಹಾಕಿದ್ವಿ! ಎಲ್ಲಾದಕ್ಕೂ ಗೋಕಾಕ ಮುಂದ ಅಂತಿದ್ರಲ್ಲ, ಈಗ ಮೂಡಲಗಿ ನಂಬರ್ ಒನ್!" ಎಂದು ಗಂಟಲು ಹರಿಯುವ ಹಾಗೆ ಕೂಗಿದ. ಬೆವರಿನಲ್ಲಿ ತೊಯ್ದ ಹಳ್ಳಿಯವರೂ ಅಭಿಮಾನದಿಂದ ಚಪ್ಪಾಳೆ ತಟ್ಟಿದರು. ಗೌರಕ್ಕ ಹಣೆ ಹಣೆ ಬಡಿದುಕೊಂಡಳು. ಕಣ್ಣಲ್ಲಿ ಕಣ್ಣಿಟ್ಟು ಕಾದರೂ ಯಾರ ಮೋಸವೂ ಆಕೆಗೆ ಕಂಡಿರಲಿಲ್ಲ.

ನಾಲ್ಕೂವರೆಗೆ ಆದೇಶ ಬಂತು. ವಿದ್ಯಾ ಮೇಡಂ ಮೊಬೈಲು ಹಿಡಿದು ಎಲ್ಲರ ಮುಂದೆ ಓದಿದರು. ನಾಳೆಯಿಂದ ಮೇ ಕೊನೆಯವರೆಗೆ ಕಚೇರಿ ವೇಳೆ ಎಂಟರಿಂದ ಒಂದು. ಕೇಕೆ, ಸಿಳ್ಳೆ. ಲಗಮಪ್ಪ ಮೂಲೆಗೆ ಹೋಗಿ ಉದ್ದವ್ವನಿಗೆ ಫೋನು ಮಾಡಿದ.

"ಹೊರಸಿನ ಹಗ್ಗಾ ಬಿಗಿ ಮಾಡಿಸು. ನಾಳೆ ಮಧ್ಯಾಹ್ನ ನಾ ಮನ್ಯಾಗಿರ್ತೇನಿ."

"ಯಾಕ್ರಿ, ಕೆಲಸದಿಂದ ತಗದ್ರೇನು?" ಎಂದು ಆಕೆ ಗಾಬರಿಯಾದಳು.

ಅಷ್ಟರಲ್ಲಿ ವಿದ್ಯಾ ಮೇಡಂ, "ತಡೀರಿ, ಕೆಳಗ ಇನ್ನೊಂದಿಷ್ಟು ಐತಿ," ಎಂದು ಮುಂದುವರಿಸಿದರು. "ಇಂದು ಅತಿ ಹೆಚ್ಚು ಉಷ್ಣತೆ ದಾಖಲಾದ ನಿಮ್ಮ ಕಚೇರಿಯನ್ನು ವಿಶೇಷ ವೀಕ್ಷಣಾ ಕೇಂದ್ರವೆಂದು ಘೋಷಿಸಲಾಗಿದೆ. ವೀಕ್ಷಕರು ಬೆಳಗಿನ ಕರ್ತವ್ಯದ ಜೊತೆಗೆ ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ, ಭಾನುವಾರವೂ ಸೇರಿದಂತೆ, ಸ್ಥಳ ಬಿಟ್ಟು ಕದಲದೆ ಅರ್ಧ ಗಂಟೆಗೊಮ್ಮೆ ಉಷ್ಣತೆ ದಾಖಲಿಸತಕ್ಕದ್ದು. ಉಳಿದ ಸಿಬ್ಬಂದಿ ಆ ವೇಳೆಯಲ್ಲಿ ಬಿಸಿಲಿಗೆ ಬರುವುದು ಅಪಾಯಕರ."

ಉಳಿದ ಸಿಬ್ಬಂದಿ ಲಗಮಪ್ಪನ ಮುಖ ನೋಡಿ, ಮರುಕ ಸೂಚಿಸಿ, ಚೀಲ ಎತ್ತಿಕೊಂಡು ಹೊರಟರು. ಲಗಮಪ್ಪ ಅಲ್ಲೇ ನಿಂತ. ಬರೀ ನಲವತ್ತೆರಡು ಬಂದಿದ್ದರೆ ಸಾಕಿತ್ತು. ಆ ಮೇಲಿನ ಒಂದು ಡಿಗ್ರಿ ಗೌರಕ್ಕನ ಒಲೆಯದು. ಒಂದು ಸುಳ್ಳಿಗೆ ಇಷ್ಟು ಬಿಸಿಲು ಕುಡಿಯಬೇಕೇ? ನೌಕರಿ ಹೋದರೆ ಹೋಗಲಿ, ನಿಜ ಹೇಳಿಬಿಡುತ್ತೇನೆಂದು ಗಟ್ಟಿಮನಸ್ಸು ಮಾಡಿ ಸಾಹೇಬರ ಕೋಣೆಗೆ ನುಗ್ಗಿದ.

"ಸಾಹೇಬ್ರ, ತಪ್ಪಾಗೇತಿ. ಖರೆ ಹೇಳ್ತೇನಿ. ಇವತ್ತಿನ ನಲವತ್ಮೂರು ಬಿಸಲಿಂದಲ್ರಿ, ಭಜಿ ಒಲಿದು!"

ಕಾರಿನ ಕೀಲಿ ಹಿಡಿದು ಎದ್ದಿದ್ದ ಸಾಹೇಬರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮುಖ ಕೆಂಪು, ಕಣ್ಣು ಕೆಂಪು, ತಲೆಗೆ ಟವೆಲು, ಕಿಸೆಯಲ್ಲಿ ಉಳ್ಳಾಗಡ್ಡಿ. ಮೆಲ್ಲಗೆ ಹತ್ತಿರ ಬಂದು ಅವನ ಹಣೆ ಮುಟ್ಟಿದರು.

"ಕುಂದ್ರು, ಕುಂದ್ರು. ನೀರ ಕುಡಿ."

"ನಂಗೇನೂ ಆಗಿಲ್ರಿ. ಗೌರಕ್ಕ ಪೆಟ್ಟಿಗಿ ಬಾಜೂಕ ಎಣ್ಣಿ ಕುದಸಾಕತ್ತಿದ್ಳು..."

"ಹೂಂ ಹೂಂ, ಪೆಟ್ಟಿಗ್ಯಾಗ ಭಜಿ ಕರದ್ರು. ಆತು, ಗೊತ್ತಾತು." ಸಾಹೇಬರು ಬಾಗಿಲ ಕಡೆ ತಿರುಗಿದರು. "ವಿದ್ಯಾ ಮೇಡಂ, ಹೋಗಬ್ಯಾಡ್ರಿ, ಒಂದು ವರದಿ ಬರ್ಕೋರಿ. 'ತೀವ್ರ ತಾಪಮಾನದಿಂದ ಈ ಕಚೇರಿಯ ಸಿಬ್ಬಂದಿಯೊಬ್ಬರಿಗೆ ಬುದ್ಧಿಭ್ರಮಣೆಯಾಗಿರುತ್ತದೆ. ಪರಿಸ್ಥಿತಿ ಗಂಭೀರವಾದ ಕಾರಣ ಹೊಸ ವೇಳಾಪಟ್ಟಿ ಮತ್ತು ವಿಶೇಷ ವೀಕ್ಷಣೆಯನ್ನು ಜೂನ್ ಕೊನೆಯವರೆಗೆ ಮುಂದುವರಿಸಬೇಕಾಗಿ ಕೋರಿಕೆ.' ಈಗ ಕಳಸ್ರಿ, ನಾಳೆ ಮಂಜೂರಿ ಬರತೇತಿ."

ಸಾಹೇಬರು ಬಹಳ ಅಂತಃಕರಣದಿಂದ ಅವನ ಬೆನ್ನು ತಟ್ಟಿದರು.

"ಲಗೂನ ಮನಿಗೆ ಹೋಗಿ ಆರಾಮ ಮಲ್ಕೋ ಲಗಮಪ್ಪ. ನಾಳೆ ಹನ್ನೆರಡರಿಂದ ಬಿಸಲಾಗ ನಿಂದ್ರೂದೈತಿ."